ಶನಿವಾರದ ಊಟ

ಕಾರು ಕಲಿಸುವ ಆ ಹೆಂಗಸನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಹಾಗೆಂದು ಮನೆಗೆ ಹಿರಿಯ ಮಗಳೇನಲ್ಲ, ಮೂವರಲ್ಲಿ ಕೊನೆಯವಳು. ಹೆಸರು ಬಂದದ್ದು ಗಾತ್ರದಿಂದ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬಳಿ ಹಾಕಿಸಿದ್ದ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟುಕೊಂಡು ಹದಿನೇಳು ವರ್ಷ ಊರಿನ ರಸ್ತೆಗಳನ್ನೆಲ್ಲ ಸುತ್ತಿದ್ದಳು. ಆ ಸೀಟಿನ ಬೆಲ್ಟು ಅವಳಿಗೆ ಸಾಲದೆ ಗ್ಯಾರೇಜಿನವನಿಂದ ಒಂದು ಮೊಳ ಪಟ್ಟಿ ಸೇರಿಸಿ ಹೊಲಿಸಿಕೊಂಡಿದ್ದಳು. "ಹೆದರ್ಬೇಡ ಕಣಮ್ಮ, ಗುದ್ದಿದ್ರೂ ಮಧ್ಯೆ ನಾನಿದೀನಿ, ನಿಂಗೇನೂ ಆಗಲ್ಲ" ಎಂದು ಹೊಸದಾಗಿ ಕಲಿಯುವ ಹುಡುಗಿಯರನ್ನು ನಗಿಸುತ್ತಿದ್ದಳು. ಬೇರೆಯವರು ನಗುವ ಮೊದಲು ತಾನೇ ನಕ್ಕುಬಿಡುವುದು ಅವಳು ಶಾಲೆಯಲ್ಲೇ ಕಲಿತ ಉಪಾಯ.

ಗಂಡ ನೋಂದಣಿ ಕಚೇರಿಯಲ್ಲಿ ಗುಮಾಸ್ತ. ಅವನೂ ಮೈಕೈ ತುಂಬಿಕೊಂಡವನೇ. ಮನೆಯಲ್ಲಿ ಮಾತು ಕಡಿಮೆ. ಕೇಳಿದರೆ ಹೂಂ, ಕೇಳದಿದ್ದರೆ ಅದೂ ಇಲ್ಲ. ಮಕ್ಕಳಾಗಲಿಲ್ಲ. ಆ ವಿಷಯವನ್ನು ಇಬ್ಬರೂ ಒಮ್ಮೆ ಅತ್ತು ಮುಗಿಸಿ ಮತ್ತೆ ಎತ್ತಿರಲಿಲ್ಲ. ಆದರೆ ಶನಿವಾರ ಕಚೇರಿ ಅರ್ಧ ದಿನ. ಮಧ್ಯಾಹ್ನ ಒಂದಕ್ಕೆ ಇಬ್ಬರೂ ಬಸ್ ನಿಲ್ದಾಣದ ಹಿಂದಿನ ಹೋಟೆಲಿನಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ ಕೂತರೆ ಅವನು ಬೇರೆಯೇ ಮನುಷ್ಯ. ಸೂಪು ಬರುವಷ್ಟರಲ್ಲಿ ಮೇಲಧಿಕಾರಿಯ ನಡಿಗೆ ಅಣಕಿಸುತ್ತಿದ್ದ. ಮೀನು ಬಂದಾಗ ಮುಳ್ಳು ಬಿಡಿಸಿ ಹೊಟ್ಟೆಯ ಭಾಗವನ್ನು ಅವಳ ತಟ್ಟೆಗೆ ಹಾಕುತ್ತಿದ್ದ. "ಇದು ನಿಂಗೆ, ನಂಗೆ ತಲೆ ಸಾಕು. ಆಫೀಸಲ್ಲಿ ತಲೆ ತಿಂದು ತಿಂದು ಅಭ್ಯಾಸ ಆಗಿದೆ." ಅವಳು ನಗುತ್ತ ನಗುತ್ತ ಕೆಮ್ಮುತ್ತಿದ್ದಳು. ಮೀಸೆಯ ಸರ್ವರ್ ಕೇಳದೆಯೇ ಎರಡನೆಯ ಸಲ ಅನ್ನ ತರುತ್ತಿದ್ದ. ಎರಡು ಗಂಟೆ ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ನಲವತ್ತಾರನೆಯ ವಯಸ್ಸಿಗೆ ಸಕ್ಕರೆ ಕಾಯಿಲೆ ಕೈಮೀರಿತು. ಬಲ ಮಂಡಿ ಎಷ್ಟು ಹಾಳಾಯಿತೆಂದರೆ, ಒಂದು ದಿನ ಕಲಿಯುತ್ತಿದ್ದ ಹುಡುಗಿ ಸೈಕಲ್ಲಿನವನ ಮೇಲೆ ಹೋಗುತ್ತಿದ್ದಾಗ ಬ್ರೇಕಿನ ಮೇಲಿದ್ದ ಕಾಲು ಒತ್ತಲು ಬರಲಿಲ್ಲ. ಸೈಕಲ್ಲಿನವನು ಕೂದಲೆಳೆಯಲ್ಲಿ ಉಳಿದ. ಅವಳು ಆ ದಿನದ ಉಳಿದ ಪಾಠಗಳನ್ನೆಲ್ಲ ರದ್ದು ಮಾಡಿದಳು. ಮರುದಿನವೇ ಡಾಕ್ಟರ ಬಳಿ ಹೋಗಿ ತೂಕ ಇಳಿಸುವ ಹೊಟ್ಟೆಯ ಆಪರೇಶನ್ನಿಗೆ ಒಪ್ಪಿದಳು. ಹೊಟ್ಟೆಯ ಮುಕ್ಕಾಲು ಪಾಲು ಕತ್ತರಿಸಿ ತೆಗೆಯುತ್ತಾರೆ, ಉಳಿಯುವುದು ಬಾಳೆಕಾಯಿಯಷ್ಟು ಎಂದಾಗ ಗಂಡ ಕೇಳಿದ್ದು ಒಂದೇ ಮಾತು: "ಮತ್ತೆ ಶನಿವಾರ?"

"ಶನಿವಾರ ಎಲ್ಲಿ ಹೋಗುತ್ರೀ? ಸ್ವಲ್ಪ ಕಮ್ಮಿ ತಿಂತೀನಿ, ಅಷ್ಟೇ" ಎಂದಳು. ಅವನು ಆಸ್ಪತ್ರೆಯ ಒಪ್ಪಿಗೆ ಕಾಗದಕ್ಕೆ ರುಜು ಹಾಕಿದ.

ತಿಂಗಳುಗಟ್ಟಲೆ ಬರೀ ಗಂಜಿ, ಸೋಸಿದ ಸಾರು, ಮೆತ್ತಗೆ ಕಿವುಚಿದ ತರಕಾರಿ. ನಾಲ್ಕನೆಯ ತಿಂಗಳು ಮೊದಲ ಸಲ ಹೋಟೆಲಿಗೆ ಹೋದರು. ನಿಯಮಗಳೆಲ್ಲ ಬಾಯಿಪಾಠ: ಒಂದೊಂದು ತುತ್ತನ್ನೂ ಇಪ್ಪತ್ತೈದು ಸಲ ಅಗಿಯಬೇಕು, ಊಟದ ಜೊತೆ ನೀರು ಕುಡಿಯಬಾರದು, ಎದೆಯಲ್ಲಿ ಒತ್ತಿದಂತಾದರೆ ಅಲ್ಲಿಗೇ ನಿಲ್ಲಿಸಬೇಕು. ಅವಳು ಎರಡು ಚಮಚ ಮೀನು, ಒಂದು ಚಮಚ ಅನ್ನ ಅಗಿಯುವಷ್ಟರಲ್ಲಿ ಗಂಡನ ತಟ್ಟೆ ಖಾಲಿ. ಆಮೇಲೆ ಅವಳದನ್ನೂ ಎಳೆದುಕೊಂಡು ಮುಗಿಸಿದ. ಮೇಲಧಿಕಾರಿಯ ಕಥೆ ಶುರು ಮಾಡಿ ಅರ್ಧಕ್ಕೇ ಬಿಟ್ಟ. ಮೀಸೆಯವನು ಬಂದು ಮುಖ ಸಪ್ಪಗೆ ಮಾಡಿಕೊಂಡು, "ಯಾಕಕ್ಕಾ, ಇವತ್ತು ಅಡುಗೆ ಸರಿ ಇಲ್ವಾ?" ಎಂದ.

"ಚೆನ್ನಾಗಿದೆ ಕಣಪ್ಪ. ನಂಗೇ ಸೇರಲ್ಲ."

"ಅಯ್ಯೋ, ನೀವೇ ತಿನ್ನದಿದ್ರೆ ಅಡುಗೆಯವರು ಬೇಜಾರು ಮಾಡ್ಕೋತಾರೆ" ಎಂದು ಅವನು ನಕ್ಕ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಮೊದಲು ತಿನ್ನುತ್ತಾಳೆಂದು ನೋಡುತ್ತಿದ್ದರು, ಈಗ ತಿನ್ನುವುದಿಲ್ಲವೆಂದು.

ಏಳನೆಯ ತಿಂಗಳಲ್ಲಿ ನಾದಿನಿ, ಅಂದರೆ ಗಂಡನ ತಂಗಿ, ತನಗೆ ಬಡ್ತಿ ಸಿಕ್ಕಿತೆಂದು ಅದೇ ಹೋಟೆಲಿನಲ್ಲಿ ಮನೆಮಂದಿಗೆಲ್ಲ ಊಟ ಕೊಡಿಸಿದಳು. ದೊಡ್ಡಕ್ಕ ಹೊಸ ಬಟ್ಟೆ ಹೊಲಿಸಿಕೊಂಡಿದ್ದಳು. ಯಾರಾದರೂ ಚೆನ್ನಾಗಿ ಕಾಣುತ್ತೀಯ ಎಂದಾರು ಎಂಬ ಆಸೆ. ನಾದಿನಿ ಮೇಲಿಂದ ಕೆಳಗೆ ನೋಡಿ ಹೇಳಿದ್ದು ಬೇರೆ. "ಅತ್ತಿಗೆ, ಕುತ್ತಿಗೆ ಎಲ್ಲಾ ಜೋತು ಬಿದ್ದಿದ್ಯಲ್ಲ. ನಾನು ಬಾಯಿ ಕಟ್ಟಿ, ವಾಕಿಂಗ್ ಮಾಡಿ ಇಳಿಸಿದೆ. ನಿಮ್ದು ಬಿಡಿ, ಸುಲಭದ ದಾರಿ."

ಹೊಟ್ಟೆ ಕೊಯ್ಯಿಸಿಕೊಂಡದ್ದು ಸುಲಭದ ದಾರಿ! ದೊಡ್ಡಕ್ಕ ಕುರ್ಚಿ ಎಳೆದುಕೊಂಡು ಕೂತಳು. ಊಟ ನಡೆಯಿತು. ಎಲ್ಲರೂ ನಗುತ್ತ ತಟ್ಟೆಯಿಂದ ತಟ್ಟೆಗೆ ಬಡಿಸಿಕೊಳ್ಳುತ್ತಿದ್ದರು. ಅವಳು ಮೂರು ಚಮಚ ತಿಂದು ಕೈ ಮಡಚಿ ಕೂತಿದ್ದಳು. ಆಗ ಗಂಡನಿಗೆ ಏನನ್ನಿಸಿತೋ, ಎಲ್ಲರೆದುರು ಕೋಳಿಯ ದೊಡ್ಡ ತುಂಡೊಂದನ್ನು ಅನ್ನದಲ್ಲಿ ಸುತ್ತಿ ಅವಳ ಬಾಯ ಮುಂದೆ ಹಿಡಿದ.

"ಒಂದೇ ತುತ್ತು ಕಣೇ. ಮುಂಚೆ ತರ."

"ಬೇಡ್ರೀ, ಆಗಲ್ಲ."

"ನನ್ನಾಣೆ. ಎಲ್ಲಾ ನೋಡ್ತಿದಾರೆ, ಮರ್ಯಾದೆ ಕಳೀಬೇಡ."

ಅವನ ಮುಖದಲ್ಲಿ ಹಳೆಯ ಶನಿವಾರದ ನಗು ಇತ್ತು. ಎಷ್ಟೋ ತಿಂಗಳಿಂದ ಅವಳು ಕಾಣದ ನಗು. ಬಾಯಿ ತೆರೆದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಸರಿಯಾಗಿ ಅಗಿಯಲು ಅವಳಿಗೆ ನಾಚಿಕೆಯಾಯಿತು, ನುಂಗಿಬಿಟ್ಟಳು.

ಎದೆಯ ನಡುವೆ ಕಲ್ಲು ಸಿಕ್ಕಿಕೊಂಡಂತಾಯಿತು. ಬಾಯಿ ತುಂಬ ಎಂಜಲು, ಹಣೆಯಲ್ಲಿ ತಣ್ಣನೆಯ ಬೆವರು. ಎದ್ದು ಹೆಂಗಸರ ಶೌಚಾಲಯಕ್ಕೆ ಓಡಿದಳು. ಒದ್ದೆ ನೆಲದ ಮೇಲೆ ಮಂಡಿಯೂರಿ, ಹೊಸ ಬಟ್ಟೆಯ ಪರಿವೆ ಇಲ್ಲದೆ, ಮುಕ್ಕಾಲು ಗಂಟೆ ಒದ್ದಾಡಿದಳು. ಹೊರಗೆ ಯಾರೋ ಬಾಗಿಲು ಬಡಿದು ಬೈದು ಹೋದರು. ಮನೆಯವರಲ್ಲಿ ಯಾರೂ ಬರಲಿಲ್ಲ. ಮುಖ ತೊಳೆದು ವಾಪಸ್ಸು ಬಂದಾಗ ಎಲ್ಲರೂ ಸಿಹಿ ತಿನ್ನುತ್ತಿದ್ದರು. ಗಂಡನ ಮುಂದೆ ಎರಡು ಖಾಲಿ ಬಟ್ಟಲು.

"ನಿಂದು ಐಸ್‌ಕ್ರೀಮು. ಕರಗ್ತಿತ್ತು, ತಿಂದ್ಬಿಟ್ಟೆ" ಎಂದ.

ಆಮೇಲೆ ಶನಿವಾರಗಳಂದು ಅವನಿಗೆ ಕಚೇರಿಯಲ್ಲಿ ಕೆಲಸ ಬೀಳತೊಡಗಿತು. ಹಳೆಯ ಕಡತಗಳು, ತನಿಖೆ, ಮತ್ತೇನೋ. ಅವಳು ನಂಬಿದಳು, ಒಂದು ಥರ ನಿರಾಳವೂ ಆಯಿತು. ಖಾಲಿಯಾದ ಆ ಹೊತ್ತಿಗೆ ಒಬ್ಬ ಬ್ಯಾಂಕಿನ ಹೆಂಗಸಿಗೆ ಕಾರು ಕಲಿಸಲು ಒಪ್ಪಿಕೊಂಡಳು. ಒಂದು ಮಧ್ಯಾಹ್ನ ಬಸ್ ನಿಲ್ದಾಣದ ಹಿಂದೆ ಆ ಹೆಂಗಸು ಕಾರು ಆಫ್ ಮಾಡಿಕೊಂಡಳು. ಹಿಂದಿನಿಂದ ಹಾರನ್ನುಗಳು. ದೊಡ್ಡಕ್ಕ ತಲೆಯೆತ್ತಿದರೆ ಎದುರಿಗೇ ಹೋಟೆಲಿನ ಕಿಟಕಿ.

ಕಿಟಕಿಯ ಮೇಜಿನಲ್ಲಿ ಗಂಡ. ಎದುರಿಗೆ ಕಚೇರಿಯ ಜವಾನ, ಗುಡಾಣದಂಥ ಹೊಟ್ಟೆಯವನು. ಇಬ್ಬರ ನಡುವೆ ದೊಡ್ಡ ಮೀನು. ಗಂಡ ಹೆಗಲು ಓರೆ ಮಾಡಿ ಮೇಲಧಿಕಾರಿಯ ನಡಿಗೆ ತೋರಿಸುತ್ತಿದ್ದ. ಜವಾನ ಮೇಜು ಕುಟ್ಟಿ ನಗುತ್ತಿದ್ದ. ಇನ್ನೊಬ್ಬ ಹೆಂಗಸು ಕೂತಿದ್ದರೆ ಇಳಿದು ಹೋಗಿ ಜಗಳವಾದರೂ ಆಡಬಹುದಿತ್ತು. ಆ ಜವಾನನಿಗೆ ಏನೆನ್ನುವುದು?

"ಕ್ಲಚ್ ಒತ್ತಿ" ಎಂದಳು. "ಗಾಬರಿ ಬೇಡ. ಸ್ಟಾರ್ಟ್ ಮಾಡಿ, ಮುಂದಕ್ಕೆ ಹೋಗೋಣ."

ಸಂಜೆ ಅವನು ಬಂದಾಗ ನೇರವಾಗಿ ಕೇಳಿದಳು. ಅವನು ಸುಳ್ಳು ಹೇಳಲಿಲ್ಲ. ಚಪ್ಪಲಿ ಬಿಟ್ಟು ಕುರ್ಚಿಯಲ್ಲಿ ಕೂತ.

"ನನ್ ಜೊತೆ ಊಟಕ್ಕೆ ಕೂರೋಕೆ ನಿಮ್ಗೇನು ಕಷ್ಟ? ಅದಾದ್ರೂ ಹೇಳಿ."

"ನೀನು ನೋಡ್ತೀಯ" ಎಂದ.

"ಏನು ನೋಡ್ತೀನಿ?"

"ಮುಂಚೆ ನೀನೂ ತಿಂತಿದ್ದೆ. ಈಗ ಮುಂದೆ ಕೂತು ನೋಡ್ತೀಯ. ಒಂದೊಂದು ತುತ್ತನ್ನೂ. ನಂಗೆ ಗಂಟಲಲ್ಲಿ ಇಳಿಯಲ್ಲ ಕಣೇ."

ಇಲ್ಲ ಎನ್ನಲು ಬಾಯಿ ತೆರೆದಳು. ಆದರೆ ಅದು ನಿಜವಾಗಿತ್ತು. ಅವನು ಎಷ್ಟು ಸಲ ಬಡಿಸಿಕೊಂಡ, ತುಟಿಯಂಚಿಗೆ ಎಣ್ಣೆ ಹೇಗೆ ಮೆತ್ತಿತು, ಅಗಿಯುವಾಗ ಎಂಥ ಸದ್ದು ಬರುತ್ತದೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಹೊಟ್ಟೆಕಿಚ್ಚೋ, ಅಸಹ್ಯವೋ, ಅವಳಿಗೇ ತಿಳಿಯದು. ಇಪ್ಪತ್ತೈದು ಸಲ ಅಗಿಯುವವರಿಗೆ ನೋಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಎದ್ದು ಒಳಗೆ ಹೋದಳು. ಅಂದಿನಿಂದ ಅವಳ ಊಟ ಆರೂವರೆಗೆ, ಅಡುಗೆಮನೆಯ ಸ್ಟೂಲಿನ ಮೇಲೆ. ಅವನದು ಎಂಟಕ್ಕೆ, ಟಿವಿಯ ಮುಂದೆ.

ವರ್ಷ ತುಂಬಿದಾಗ ತಪಾಸಣೆಗೆ ಇಬ್ಬರೂ ಹೋದರು. ಮನೆಯವರನ್ನು ಕರೆತರಲೇಬೇಕು ಎಂದು ಡಾಕ್ಟರು ಹೇಳಿದ್ದರು. ಸಕ್ಕರೆ ಹತೋಟಿಯಲ್ಲಿತ್ತು. ಮಂಡಿನೋವು ಮಾಯವಾಗಿತ್ತು. ಡಾಕ್ಟರು ಹಿಗ್ಗಿ ಹೀರೇಕಾಯಿಯಾದರು. "ಎಲ್ಲರ ಜೊತೆ ಬೆರೀತಿದೀರಾ? ಹೊರಗಡೆ ಊಟಕ್ಕೆಲ್ಲಾ ಹೋಗ್ತೀರಾ?" ಎಂದು ಕೇಳಿದರು.

"ಹೋಗ್ತೀವಿ ಡಾಕ್ಟ್ರೇ" ಎಂದಳು. ಅವರು ಕಾಗದದಲ್ಲಿ ಗುರುತು ಹಾಕಿಕೊಂಡು ಗಂಡನ ಕಡೆ ತಿರುಗಿದರು. ಅವನ ಉಬ್ಬಿದ ಅಂಗಿಯ ಗುಂಡಿಗಳನ್ನು ನೋಡಿ, "ನೀವೂ ಯೋಚನೆ ಮಾಡ್ಬಹುದು ನೋಡಿ" ಎಂದರು.

ಅವನು ದೊಡ್ಡದಾಗಿ ನಕ್ಕ. "ಬೇಡಿ ಸಾರ್, ಮನೇಲಿ ಒಬ್ಬರಾದ್ರೂ ಊಟ ಮಾಡ್ಬೇಕಲ್ಲ!"

ಡಾಕ್ಟರೂ ನಕ್ಕರು, ಬಾಗಿಲ ಬಳಿ ನಿಂತಿದ್ದ ನರ್ಸೂ ನಕ್ಕಳು. ದೊಡ್ಡಕ್ಕ ಈ ಸಲ ನಗಲಿಲ್ಲ. ಕೈಚೀಲ ಎತ್ತಿಕೊಂಡು, ಗಂಡನಿಗಾಗಿ ಕಾಯದೆ, ಮೆಟ್ಟಿಲಿಳಿದಳು. ಮೂರು ಮಹಡಿ. ಎಲ್ಲೂ ನಿಲ್ಲಲಿಲ್ಲ, ಉಸಿರೂ ಕಟ್ಟಲಿಲ್ಲ.