ನೀರುದೋಸೆ ಹಿಟ್ಟಿನ ಜ್ವಾಲಾಮುಖಿ

ತೆಕ್ಕಟ್ಟೆಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಉಮಾವತಿ ಟೀಚರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ನಕ್ಷೆಯಲ್ಲಿ ಬಣ್ಣ ಗೆರೆ ದಾಟಿದರೆ ಸಿಟ್ಟು, ಬೆಂಚು ಕಿರ್ರೆಂದರೆ ಸಿಟ್ಟು. ಅದರಲ್ಲೂ ವಿಜ್ಞಾನ ಮೇಳದ ಜ್ವಾಲಾಮುಖಿ ಕಂಡರೆ ಮೈಯೆಲ್ಲ ಉರಿ. ಪ್ರತಿ ವರ್ಷ ಅದೇ ಮಣ್ಣಿನ ಗುಡ್ಡ, ಅದೇ ಸೋಡಾಪುಡಿ, ಅದೇ ವಿನೆಗರ್, ಬುಸ್ಸೆಂದು ಅದೇ ಕೆಂಪು ನೊರೆ!

ಈ ಸಲ ಟೀಚರು ಹಠ ಹಿಡಿದರು. ಒಂಬತ್ತನೇ ಕ್ಲಾಸಿನ ಸುರಕ್ಷಾಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಭೂಮಿಯ ಚಿಪ್ಪು ಒಂದೇ ತುಂಡಲ್ಲ; ದೊಡ್ಡ ದೊಡ್ಡ ಫಲಕಗಳಾಗಿ ಸರಿದಾಡುತ್ತಿದೆ. ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುವಲ್ಲಿ ಶಿಲಾರಸ ಇಡ್ಲಿಹಿಟ್ಟಿನ ಹಾಗೆ ಮಂದ. ಅನಿಲ ಒಳಗೇ ಸಿಕ್ಕಿಬಿದ್ದು ಬೆಟ್ಟವೇ ಸಿಡಿಯುತ್ತದೆ. ಹವಾಯಿಯಂಥ ಕಡೆ, ಫಲಕದ ನಡುಮಧ್ಯೆ ಆಳದಿಂದ ಉಕ್ಕುವ ರಸ ನೀರುದೋಸೆ ಹಿಟ್ಟಿನಷ್ಟು ತೆಳು. ಅದು ಹರಿದು ಹರಿದು, ಬೋರಲು ಹಾಕಿದ ಗುರಾಣಿಯಂತೆ ಅಗಲವಾದ ಬೆಟ್ಟ ಕಟ್ಟುತ್ತದೆ. ಸುರಕ್ಷಾ ಮನೆಯಿಂದ ನೀರುದೋಸೆ ಹಿಟ್ಟು ತಂದಳು. ಹಲಗೆಯ ತೂತಿನಿಂದ ಪದರ ಪದರವಾಗಿ ಉಕ್ಕಿಸಿ, ಒಣಗಿಸಿ, ಆ ಎರಡನೆಯದನ್ನೇ ಮಾಡಿದಳು.

ಕುಂದಾಪುರದ ಮೇಳದಲ್ಲಿ ತೀರ್ಪುಗಾರರು ಹತ್ತಿರ ಬರುತ್ತಿದ್ದಂತೆ ಹೆಡ್ಮಾಷ್ಟ್ರು ರವಿರಾಜರು ಜೇಬಿನಿಂದ ಸೋಡಾಪುಡಿಯ ಪೊಟ್ಟಣ, ವಿನೆಗರ್ ಬಾಟಲಿ ತೆಗೆದರು.

"ಸಿಡಿದ್ರಲ್ದಾ ಜ್ವಾಲಾಮುಖಿ ಅಂಬ್ದ್!" ಎನ್ನುತ್ತಾ ತೂತಿಗೆ ಸೋಡಾ ತುಂಬಿ ವಿನೆಗರ್ ಸುರಿದೇ ಬಿಟ್ಟರು. ನೊರೆ ಉಕ್ಕಿತು. ತೀರ್ಪುಗಾರರು ಚಪ್ಪಾಳೆ ತಟ್ಟಿದರು.

"ಇದ್ ಈ ನಮೂನಿ ಸಿಡಿತಿಲ್ಲೆ ಸರ್!" ಸುರಕ್ಷಾ ಕೂಗಿದಳು. "ಇದ್ ನಿಧಾನಕ್ಕ್ ಹರಿವುದ್. ಟೀಚರೇ ಹೇಳ್ ಕೊಟ್ಟದ್."

"ಹೆಣ್ ಹೆದ್ರಿತ್ತ್ ಮರಾಯ್ರೆ, ಎಂತೆಂತದೋ ಹೇಳ್ತ್," ರವಿರಾಜರು ನಕ್ಕರು.

ತೀರ್ಪುಗಾರರು ಉಮಾವತಿ ಟೀಚರನ್ನು ನೋಡಿದರು. "ಎಂತ ಟೀಚರ್, ಯಾರ್ ಹೇಳುದ್ ಸರಿ?"

ಹೆಡ್ಮಾಷ್ಟ್ರ ಕಣ್ಣು ತಮ್ಮ ಮೇಲೆಯೇ ಇದ್ದದ್ದು ಟೀಚರಿಗೆ ಗೊತ್ತಾಯಿತು. ಅವರು ಸೆರಗು ಸರಿಮಾಡಿಕೊಂಡು ನೆಲ ನೋಡಿದರು. ಮೊದಲ ಬಹುಮಾನ ಬಂತು.

ವಾಪಸು ಬರುವ ಬಸ್ಸಿನಲ್ಲಿ ಸುರಕ್ಷಾ ಬಹುಮಾನದ ಕಪ್ಪನ್ನು ಮುಟ್ಟಲಿಲ್ಲ. ಟೀಚರ ತೊಡೆಯ ಮೇಲೆ ಅದು ಕುಲುಕುತ್ತಿತ್ತು.

"ನಿಮ್ಗೆ ಸಿಟ್ಟ್ ಬಪ್ದ್ ನಮ್ ಮೇಲ್ ಮಾತ್ರ ಅಲ್ದಾ ಟೀಚರ್?" ಎಂದಳು ಹುಡುಗಿ, ಕಿಟಕಿಯಾಚೆ ನೋಡುತ್ತ.

ಕೆನ್ನೆಗೆ ಬಾರಿಸಿದಂತಾಯಿತು. ಎದುರುತ್ತರ ಕೊಟ್ಟವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಟೀಚರಿಗೆ ಈಗ ತಮ್ಮ ಮೇಲೆಯೇ ಅಸಾಧ್ಯ ಸಿಟ್ಟು ಬಂತು. ತೆಕ್ಕಟ್ಟೆ ಇನ್ನೂ ದೂರವಿತ್ತು.

"ಹ್ವಾಯ್, ಬಸ್ ನಿಲ್ಸಿ!"

ಸುರಕ್ಷಾಳ ಕೈ ಹಿಡಿದು ಇಳಿದರು. ರಸ್ತೆ ದಾಟಿ, ಕಪ್ಪನ್ನು ಕಂಕುಳಲ್ಲಿ ಒತ್ತಿಕೊಂಡು, ಕುಂದಾಪುರಕ್ಕೆ ಹೋಗುವ ಬಸ್ಸಿಗೆ ಕೈ ಅಡ್ಡ ಹಿಡಿದರು.