ಬೋಣಿಯ ಬ್ಲೌಸ್

ನಾನು ಹನ್ನೊಂದು ವರ್ಷ ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ. ಹಾಗಂತ ನನ್ನ ಐಡಿ ಕಾರ್ಡಿನಲ್ಲಿ ಬರೆದಿತ್ತು, ನಾನೂ ನಂಬಿದ್ದೆ. ಗಂಡಸರ ಶರ್ಟಿನ ಲೈನ್‌ನಲ್ಲಿ ನನ್ನದು ಕಾಲರ್ ಕೂರಿಸುವ ಕೆಲಸ. ಜೇಬು ಹೊಲಿಯಲು, ಗುಂಡಿ ಹಾಕಲು ಯಾರಾದರೂ ಆದೀತು, ಕಾಲರ್‌ಗೆ ಮಾತ್ರ ಕೈ ಬೇಕು ಎಂದು ಸೂಪರ್‌ವೈಸರ್ ಹೇಳುತ್ತಿದ್ದ. ಇಡೀ ಲೈನಿಗೆ ಬೈಗುಳ ಬಿದ್ದ ದಿನವೂ ನನ್ನನ್ನು ಬಿಟ್ಟು ಮುಂದೆ ಹೋಗುತ್ತಿದ್ದ. ಅದರ ಗತ್ತು ನನಗಿತ್ತು, ಇರಲಿಲ್ಲ ಎನ್ನುವುದಿಲ್ಲ.

ಕಾರ್ಖಾನೆಯನ್ನು ದೂರದ ಜಿಲ್ಲೆಗೆ ಸಾಗಿಸುತ್ತೇವೆ, ಬರುವವರು ಬರಬಹುದು ಎಂದು ಒಂದು ದಿನ ನೋಟಿಸ್ ಅಂಟಿಸಿದರು. ಹೆಂಗಸರೆಲ್ಲ ಗೇಟಿನ ಹತ್ತಿರ ಕೂತು ಅತ್ತರು. ನಾನು ಅಳಲಿಲ್ಲ. ಮನೆಯಲ್ಲೇ ಟೈಲರಿಂಗ್ ಶುರು ಮಾಡುತ್ತೇನೆ, ಇನ್ನು ಈ ಜನ್ಮದಲ್ಲಿ ಗಾರ್ಮೆಂಟ್ಸ್ ಗೇಟು ತುಳಿಯುವುದಿಲ್ಲ ಎಂದು ಎಲ್ಲರೆದುರು ಸಾರಿಬಿಟ್ಟೆ. ಬೆಲ್ಲು ಹೊಡೆಯಿತೆಂದು ಓಡಬೇಕಿಲ್ಲ. ಬಾತ್‌ರೂಮಿಗೆ ಹೋಗಲು ತಮ್ಮನ ವಯಸ್ಸಿನವನ ಅಪ್ಪಣೆ ಕೇಳಬೇಕಿಲ್ಲ. ಅದೊಂದಕ್ಕಾಗಿಯೇ ನಾನು ಏನು ಬೇಕಾದರೂ ಮಾಡಲು ತಯಾರಿದ್ದೆ.

ನಮ್ಮದು ಬಾಗಲಗುಂಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮಂಚವನ್ನು ಅಡುಗೆಮನೆಯ ಗೋಡೆಗೆ ತಳ್ಳಿ, ಬೀದಿಯ ಕಡೆಯ ಕಿಟಕಿಗೆ ಪವರ್ ಮಷಿನ್ ತಂದಿಟ್ಟೆವು. ನನ್ನ ಪಿಎಫ್ ಹಣವೆಲ್ಲ ಅದಕ್ಕೇ ಹೋಯಿತು. ಗಂಡ ಪೀಣ್ಯದಲ್ಲೇ ಒಂದು ಶೆಡ್ಡಿನಲ್ಲಿ ಡ್ರಿಲ್ಲಿಂಗ್ ಮಷಿನ್ ಆಪರೇಟರ್. ರಜೆ ಹಾಕಿ ಗೋಡೆಗೆ ಹಲಗೆ ಬಡಿದುಕೊಟ್ಟರು. ಚಿಕ್ಕಪೇಟೆಗೆ ಹೋಗಿ ಬಣ್ಣಬಣ್ಣದ ದಾರ, ಲೈನಿಂಗ್ ಬಟ್ಟೆ, ಹುಕ್ಕು, ಟೇಪು, ದೊಡ್ಡ ಕತ್ತರಿ ತಂದೆ. ಸುತ್ತಲಿನ ಟೈಲರ್ ಅಂಗಡಿಗಳಿಗೆಲ್ಲ ಗಿರಾಕಿಯ ಹಾಗೆ ಹೋಗಿ ರೇಟು ವಿಚಾರಿಸಿಕೊಂಡು ಬಂದೆ. ‘ಬ್ಲೌಸ್, ಚೂಡಿದಾರ್ ಹೊಲಿಯಲಾಗುವುದು’ ಎಂದು ಬೋರ್ಡ್ ಬರೆಸಿಯೂ ಆಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ನಾವು ತೊಟ್ಟಿಲನ್ನೂ ಕಟ್ಟಿದ್ದೆವು.

ಇಷ್ಟೆಲ್ಲ ಯೋಚಿಸಿದವಳು ಒಂದನ್ನು ಯೋಚಿಸಲಿಲ್ಲ. ಹನ್ನೊಂದು ವರ್ಷವೂ ನನ್ನ ಕೈಗೆ ಬಟ್ಟೆ ಬಂದದ್ದು ಕತ್ತರಿಸಿದ ತುಂಡುಗಳ ಬಂಡಲ್ ಆಗಿ. ಕತ್ತರಿಸುವವರು ಕೆಳಗಿನ ಮಹಡಿಯಲ್ಲಿದ್ದರು, ಅಲ್ಲಿಗೆ ನಾನು ಎಂದೂ ಇಳಿದವಳಲ್ಲ. ಗಿರಾಕಿಗಳು ಅಳತೆಗೆಂದು ಒಂದು ಹಳೆಯ ಬ್ಲೌಸ್ ಕೊಡುತ್ತಾರಲ್ಲ, ಅದನ್ನು ಬಟ್ಟೆಯ ಮೇಲಿಟ್ಟು ಸುತ್ತ ಗೆರೆ ಎಳೆದು ಕತ್ತರಿಸಿದರಾಯಿತು, ಅದೇನು ಬ್ರಹ್ಮವಿದ್ಯೆಯೇ ಎಂದುಕೊಂಡಿದ್ದೆ. ಮೊದಲು ಒಂದು ಹಳೆಯ ಲಂಗದ ಮೇಲಾದರೂ ಪ್ರಯತ್ನಿಸಿ ನೋಡಬಹುದಿತ್ತು. ಕಾಲರ್ ಕೂರಿಸುವವಳಿಗೆ ಬ್ಲೌಸಿನ ಅಭ್ಯಾಸವೇ? ಅಹಂಕಾರ, ಇನ್ನೇನು.

ಶುಕ್ರವಾರ ಬೆಳಗ್ಗೆ ಮಷಿನ್ ಪೂಜೆ ಮಾಡಿ ಕೆಲಸ ಶುರು ಎಂದು ಗೊತ್ತು ಮಾಡಿಕೊಂಡೆವು. ಬೀದಿಯ ಹೆಂಗಸರನ್ನೆಲ್ಲ ಕರೆದೆ. ಮಹಡಿಯ ಮೇಲಿರುವ ಮನೆಯೊಡತಿಯನ್ನು ಎಲ್ಲರೂ ಓನರ್ ಆಂಟಿ ಎನ್ನುತ್ತಾರೆ. ಕರೆಯಲು ಹೋದಾಗ ಅವರು ಬೀರುವಿನಿಂದ ಒಂದು ಹೊಸ ರೇಷ್ಮೆ ಸೀರೆ ತೆಗೆದರು. ನೇರಳೆ ಬಣ್ಣ, ಹಸಿರು ಅಂಚು. ಸೀರೆಯ ತುದಿಯಲ್ಲೇ ಇದ್ದ ಬ್ಲೌಸ್ ಪೀಸನ್ನು ನನ್ನೆದುರೇ ಕತ್ತರಿಸಿ, ಅಳತೆಗೆ ಒಂದು ಹಳೆಯ ಬ್ಲೌಸಿನ ಜೊತೆ ಕೊಟ್ಟರು.

“ನಂದೇ ಬೋಣಿ ಕಣಮ್ಮ. ಶುಕ್ರವಾರ ಪೂಜೆಗೆ ಇದನ್ನೇ ಹಾಕ್ಕೊಂಡು ಬರ್ತೀನಿ. ನೋಡಿದೋರೆಲ್ಲ ನಿನ್ ಹತ್ರಾನೇ ಹೊಲಿಸ್ತಾರೆ, ನೋಡ್ತಿರು.”

ನೀರಿನ ಮೋಟರಿಗಾಗಿ ದಿನ ಬೆಳಗಾದರೆ ಜಗಳ ತೆಗೆಯುವ ಹೆಂಗಸು. ಅವರ ಬಾಯಲ್ಲಿ ಅಷ್ಟು ಒಳ್ಳೆಯ ಮಾತು ಕೇಳಿ ನನಗೆ ಕಣ್ಣು ತುಂಬಿ ಬಂತು.

ಬುಧವಾರ ಗಂಡ ಶಿಫ್ಟಿಗೆ ಹೋದ ಮೇಲೆ ನೆಲ ಒರೆಸಿ, ರೇಷ್ಮೆ ಹಾಸಿ, ಆಂಟಿಯ ಅಳತೆ ಬ್ಲೌಸನ್ನು ಅದರ ಮೇಲಿಟ್ಟೆ. ಅದು ಮಟ್ಟಸವಾಗಿ ಕೂರಲೇ ಇಲ್ಲ. ಎದೆಯ ಭಾಗದಲ್ಲಿ ಉಬ್ಬು ಬರಲೆಂದು ಮಡಿಚಿ, ಟಕ್ಸ್ ಹಿಡಿದು ಹೊಲಿದ ಬಟ್ಟೆ ಎಲ್ಲಿಂದ ಮಟ್ಟಸವಾಗಬೇಕು? ಅಂಗೈಯಲ್ಲಿ ಒತ್ತಿ ಹಿಡಿದು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಆ ಟಕ್ಸ್‌ಗೂ ಬೇರೆ ಬಟ್ಟೆ ಬಿಡಬೇಕೆಂಬುದು ಕತ್ತರಿಸಿ ಮುಗಿದ ಮೇಲೆ ತಿಳಿಯಿತು. ಮುಂಭಾಗ ನಾಲ್ಕು ಬೆರಳು ಚಿಕ್ಕದಾಗಿತ್ತು. ತೋಳಿನ ಸುತ್ತಳತೆ ಒಂದು, ಕಂಕುಳಿನದು ಇನ್ನೊಂದು. ನಾಲ್ಕು ಸಲ ಹೊಲಿದೆ, ನಾಲ್ಕು ಸಲ ಬಿಚ್ಚಿದೆ. ರೇಷ್ಮೆಯ ಮೇಲೆ ಸೂಜಿಯ ತೂತುಗಳು ಸಾಲಾಗಿ ಉಳಿದವು. ಕತ್ತರಿ ಸರಿಯಿಲ್ಲ ಎಂದು ಬೈದೆ, ಸೀಮೆಸುಣ್ಣ ದಪ್ಪ ಎಂದು ಬೈದೆ. ಕುಣಿಯಲಾರದವಳಿಗೆ ನೆಲ ಡೊಂಕು. ಹೊಲಿಗೆ ಮಾತ್ರ ನೋಡುವ ಹಾಗಿತ್ತು, ಒಂದು ಎಳೆ ಆಚೀಚೆ ಇಲ್ಲ. ಯಾರ ಮೈಗೂ ಆಗದ ಬ್ಲೌಸಿಗೆ ಎಂಥ ಚಂದದ ಹೊಲಿಗೆ!

ಸಂಜೆ ಬಂದ ಗಂಡ ಅದನ್ನು ಎತ್ತಿ ಹಿಡಿದು ನೋಡಿದರು.

“ಕಾಲರ್ ಇಟ್ಬಿಡು ಕಣೇ. ಆಂಟಿಗೆ ಹೊಸ ಫ್ಯಾಷನ್ನು.”

ನಗಿಸಲೆಂದೇ ಆಡಿದ ಮಾತು. ನನಗೆ ಮೈಯೆಲ್ಲ ಉರಿದುಹೋಯಿತು.

“ನಿಮಗೇನ್ರೀ ಬರತ್ತೆ? ಹದಿನೆಂಟು ವರ್ಷದಿಂದ ಒಂದೇ ಕಡೆ ನಿಂತು ತೂತು ಕೊರೀತಿದ್ದೀರ. ನಾಳೆ ಅವ್ರು ಆಚೆ ಹಾಕಿದ್ರೆ ಏನ್ ಮಾಡ್ತೀರ?”

ಅವರು ಬ್ಲೌಸನ್ನು ಮಷಿನ್ ಮೇಲಿಟ್ಟರು. ಕೈತೊಳೆದು ಬಂದು ಊಟಕ್ಕೆ ಕೂತರು, ಅರ್ಧ ಮುದ್ದೆ ಬಿಟ್ಟು ಎದ್ದರು. ಆಡಬಾರದಿತ್ತು. ಆಡಿದ್ದರಲ್ಲಿ ಸುಳ್ಳೂ ಇರಲಿಲ್ಲ.

ಗುರುವಾರ ಬೆಳಗ್ಗೆ ಬ್ಲೌಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿನ ಬೀದಿಯ ವಯಸ್ಸಾದ ಟೈಲರ್ ಹತ್ತಿರ ಹೋದೆ. ತಿಂಗಳ ಕೆಳಗೆ ನಾನು ಸುಳ್ಳು ಗಿರಾಕಿಯಾಗಿ ರೇಟು ಕೇಳಿದ್ದು ಅವರ ಅಂಗಡಿಯಲ್ಲೂ. ಅವರು ಕನ್ನಡಕ ಏರಿಸಿ ಬ್ಲೌಸನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಗಾರ್ಮೆಂಟ್ಸಾ?”

“ಹೂಂ.”

“ಏನ್ ಹೊಲೀತಿದ್ರಿ?”

“ಕಾಲರ್.”

ಅವರು ನಗಲಿಲ್ಲ. “ನಿಮ್ಮಂಥೋರು ತುಂಬಾ ಜನ ಬರ್ತಾರಮ್ಮ. ಒಬ್ರಿಗೆ ಕಫ್ ಬರತ್ತೆ, ಇನ್ನೊಬ್ರಿಗೆ ಜೇಬು. ಇದ್ರಲ್ಲಿ ಬಟ್ಟೆ ಉಳಿದಿದ್ರೆ ಏನಾದ್ರೂ ಮಾಡ್ಕೊಡ್ತಿದ್ದೆ. ಉಳಿದಿಲ್ಲ. ಕಟಿಂಗ್ ಕಲೀಬೇಕು ಅಂದ್ರೆ ಬನ್ನಿ, ಆರು ತಿಂಗ್ಳು ಕೂತ್ಕೊಳ್ಳಿ, ಹೇಳ್ಕೊಡ್ತೀನಿ.”

ಆರು ತಿಂಗಳು ಮನೆ ಬಾಡಿಗೆ ಕಾಯುತ್ತದೆಯೇ? ಒಬ್ಬರ ಸಂಬಳದಲ್ಲಿ ಮನೆ ನಡೆಯುವುದಿಲ್ಲವೆಂದೇ ಅಲ್ಲವೇ ನಾನು ಹನ್ನೊಂದು ವರ್ಷ ಆ ಲೈನಿನಲ್ಲಿ ಕೂತದ್ದು. ಅವರು ಹೇಳಿದ್ದಕ್ಕೆ ತಲೆಯಾಡಿಸಿ ಬಂದೆ.

ಆಂಟಿಯ ಮುಂದೆ ಬ್ಲೌಸ್ ಇಟ್ಟಾಗ ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಅದನ್ನು ಮಡಿಸಿ ಪಕ್ಕಕ್ಕಿಟ್ಟು, “ಹೋಗ್ಲಿ ಬಿಡಮ್ಮ. ಗಾರ್ಮೆಂಟ್ಸ್‌ನೋಳು ಅಂತ ಗೊತ್ತಿದ್ದೂ ಕೊಟ್ಟೆ, ನಂದೇ ತಪ್ಪು,” ಎಂದರು. ಆ ಸೀರೆಗೆ ಇನ್ನು ಎಲ್ಲಿ ಹುಡುಕಿದರೂ ಜೊತೆಯ ಬ್ಲೌಸ್ ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಶುಕ್ರವಾರ ಅರಿಶಿನ ಕುಂಕುಮಕ್ಕೆಂದು ಬಂದ ಹೆಂಗಸರಿಗೆ ಹೊರಗಾಗಿದ್ದೇನೆ ಎಂದು ಬಾಗಿಲಿನಿಂದಲೇ ಸುಳ್ಳು ಹೇಳಿ ಕಳಿಸಿದೆ. ಮುಂದಿನ ಶುಕ್ರವಾರ ಪೂಜೆ ಯಾವಾಗ ಎಂದು ಯಾರೂ ಕೇಳಲಿಲ್ಲ. ಆಂಟಿ ಹೇಳಿರಬೇಕು.

ಮಷಿನ್ ಮಾರಿದೆವು. ಆ ತಿಂಗಳು ಮುಗಿಯುವುದರೊಳಗೆ ನಾನು ಪೀಣ್ಯದ ಇನ್ನೊಂದು ಗಾರ್ಮೆಂಟ್ಸ್‌ನ ಗೇಟಿನಲ್ಲಿ, ಕೆಲಸ ಕೇಳಿಕೊಂಡು ಬಂದ ಹುಡುಗಿಯರ ಸಾಲಿನಲ್ಲಿ ನಿಂತಿದ್ದೆ. ಒಳಗೆ ಟ್ರಯಲ್ ಕೊಟ್ಟರು. ಮಷಿನ್ ಮುಂದೆ ಕೂರಿಸಿ ಕೈಗೆ ಒಂದು ಶರ್ಟು, ಒಂದು ಕಾಲರ್ ಇಟ್ಟರು. ಇನ್‌ಚಾರ್ಜ್ ಹುಡುಗ ಮೊಬೈಲಿನಲ್ಲಿ ಸಮಯ ನೋಡುತ್ತ ನಿಂತ. ಎರಡು ಮೂಲೆ ಸೇರಿಸಿ ಕಾಲು ಒತ್ತಿದೆ, ಅವನು ತಲೆಯೆತ್ತುವುದರೊಳಗೆ ಕೂರಿಸಿ ಕೊಟ್ಟೆ.

“ಸಕ್ಕತ್ ಕೈ ಅಕ್ಕ ನಿಮ್ದು. ನಾಳೆಯಿಂದಾನೇ ಬನ್ನಿ.”

“ಸಾರ್, ನನ್ನ ಕಟಿಂಗ್‌ಗೆ ಹಾಕ್ತೀರಾ? ಕಲೀತೀನಿ.”

ಅವನಿಗೆ ನಗು ಬಂತು. “ಕಟಿಂಗಾ? ಅದಕ್ಕೆ ಗಂಡಸ್ರಿದ್ದಾರೆ. ಇಂಥ ಕೈ ಇಟ್ಕೊಂಡು ಅಲ್ಲಿಗ್ಯಾಕೆ ಅಕ್ಕ? ಕಾಲರ್ ಇಷ್ಟು ಚೆನ್ನಾಗಿ ಬರತ್ತಲ್ಲ, ಇನ್ನೇನ್ ಬೇಕು?”

ಅವನು ಹೊಗಳಿದಾಗ ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ಆ ಬುಧವಾರದಿಂದ ಬಾಗಿದ್ದ ಬೆನ್ನು ಆ ಮಾತಿಗೆ ನೆಟ್ಟಗಾಯಿತು. ಕಂಪನಿಯ ಮೇಲಿನ ಸಿಟ್ಟು, ಆಂಟಿಯ ಮೇಲಿನ ಸಿಟ್ಟು ಎಲ್ಲ ಈಗ ಇಳಿದಿವೆ. ಆ ಖುಷಿಯ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.