ಖಾಸಿಂಸಾಬರು ಬರೆಸಿದ ಕಾಗದಗಳು

ಖಾಸಿಂಸಾಬರ ಅಂಗಡಿಯಲ್ಲಿ ಕಂಪ್ಯೂಟರಿಗಿಂತ ಮೊದಲು ಅದನ್ನು ತಂದವರ ತಪಾಸಣೆ ಆಗುತ್ತಿತ್ತು. ರಾಯಚೂರು ಬಸ್‌ಸ್ಟ್ಯಾಂಡಿನ ಹಿಂದಿನ ಆ ರಿಪೇರಿ ಅಂಗಡಿಗೆ ಒಮ್ಮೆ ಮಾನ್ವಿಯ ಫ್ಲೆಕ್ಸ್ ಅಂಗಡಿಯವನೊಬ್ಬ ಸಿಪಿಯು ಹೊತ್ತು ಬಂದಿದ್ದ. ಸಂಜೆಯೊಳಗೆ ಯಾರದೋ ಹುಟ್ಟುಹಬ್ಬದ ಬ್ಯಾನರು ಏರಬೇಕು, ಪರದೆ ಕಪ್ಪಗಾಗಿದೆ. ಸಾಬರು ಅವನ ತಾಯಿಯ ಮೊಣಕಾಲು, ತಮ್ಮನ ಲಗ್ನ, ಮಾನ್ವಿಯ ನೀರಿನ ಸಮಾಚಾರ ಎಲ್ಲ ಮುಗಿಸಿ, "ಹೂಂ, ಈಗ ಇದಕ್ಕೇನಾಗ್ಯದ ಹೇಳ್ರಿ" ಎಂದರು. ಅಷ್ಟೊತ್ತಿಗೆ ಅವನು ಅಳುವುದೊಂದು ಬಾಕಿ. ರಿಪೇರಿ ಹಿಡಿದದ್ದು ನಾಲ್ಕೇ ನಿಮಿಷ.

ನಾನು ದೇವದುರ್ಗದ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಬಸ್ಸು ತಡವಾದಾಗ ಅವರ ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಬಸ್ಸು ದಿನಾ ತಡವಾಗುತ್ತಿದ್ದುದರಿಂದ ಸ್ನೇಹ ಗಟ್ಟಿಯಾಯಿತು. ಅವರ ಮಗಳು ರಜಿಯಾ ದೇವದುರ್ಗದಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದಳು. ಹತ್ತು ಹಳೇ ಕಂಪ್ಯೂಟರು, ಹತ್ತಕ್ಕೂ ಪರದೆಗೆ ಚಿತ್ರ ಕಳಿಸುವ ಒಂದೇ ಜಾತಿಯ ಗ್ರಾಫಿಕ್ಸ್ ಕಾರ್ಡು, ಒಳಗೆ ಪುಕ್ಕಟೆ ಸಿಗುವ ಲಿನಕ್ಸು. ಪ್ರತಿ ಪರದೆಯ ಅಂಚಿಗೂ ಸಾಬರು 'ಅಪ್‌ಡೇಟ್ ಮಾಡಬಾರದು' ಎಂದು ಚೀಟಿ ಅಂಟಿಸಿದ್ದರು.

ಆಯುಧ ಪೂಜೆಯ ದಿನ ಹುಡುಗಿಯರು ಪರದೆ ಒರೆಸಿದರು, ಚೀಟಿ ಕೊಳೆಯಾಗಿದೆ ಎಂದು ಕಿತ್ತರು, ಕೀಬೋರ್ಡಿಗೆ ಅರಿಶಿನ ಕುಂಕುಮ ಹಚ್ಚಿದರು. ಹಬ್ಬಕ್ಕೆ ಒಳಗೂ ಹೊಸದಾಗಲಿ ಎಂಬ ಭಕ್ತಿಯಿಂದ ಹತ್ತಕ್ಕೂ ಅಪ್‌ಡೇಟ್ ಒತ್ತಿ, ಕುಂಬಳಕಾಯಿ ಒಡೆದು ಮನೆಗೆ ಹೋದರು. ಮರುದಿನ ಹತ್ತೂ ಪರದೆ ಕಪ್ಪು.

"ಕಾರ್ಡೂ ಶಾಣ್ಯಾ ಅದ, ಲಿನಕ್ಸೂ ಶಾಣ್ಯಾ ಅದರೀ. ನಡುವ ಮಾತಾಡ್ಸೋ ಡ್ರೈವರ್ ಇಲ್ಲ" ಎಂದರು ಸಾಬರು. ಕಾರ್ಡು ಮಾಡಿದ ಕಂಪನಿ ಹಳೆಯದರ ಕೈ ಬಿಟ್ಟು ಎಷ್ಟೋ ಕಾಲವಾಗಿತ್ತು. ಪರದೇಶದ ಯಾರೋ ಪುಣ್ಯಾತ್ಮ ಬಿಡುವಿನಲ್ಲಿ ಬರೆದ ಡ್ರೈವರಿನಿಂದ ಅದು ನಡೆಯುತ್ತಿತ್ತು. ಹೊಸ ಲಿನಕ್ಸಿನಲ್ಲಿ ಅದೂ ಕೈಕೊಟ್ಟಿತು. ಹಳೆಯದಕ್ಕೇ ಮರಳೋಣವೆಂದರೆ ಆ ವರ್ಷದಿಂದ ಹುಡುಗಿಯರ ಪರೀಕ್ಷೆಯ ಟೈಪಿಂಗ್ ಸಾಫ್ಟ್‌ವೇರು ಹೊಸದನ್ನೇ ಬೇಡುತ್ತಿತ್ತು. ಹುಡುಗಿಯರು ರಜಿಯಾಳ ಒಂದೇ ಲ್ಯಾಪ್‌ಟಾಪಿನ ಮುಂದೆ ಸರದಿ ಕೂತರು. ಡ್ರೈವರ್ ಸರಿಹೋಗದಿದ್ದರೆ ಕ್ಲಾಸಿಗೆ ಬೀಗ ಹಾಕುವುದೇ ಎಂದು ಅವಳು ನನ್ನ ಮುಂದೆ ಅತ್ತಳು.

ಆ ಪುಣ್ಯಾತ್ಮನಿಗೆ ಇಂಗ್ಲಿಷಿನಲ್ಲಿ ಇ-ಮೇಲ್ ಬರೆಯುವ ಕೆಲಸ ನನಗೆ ಬಂತು; ಸಾಬರ ಬಾಯಲ್ಲಿ ಅದೂ ಕಾಗದವೇ. ಸಾಬರು ಹೇಳಿ ಬರೆಸಿದರು: "ಮೊದಲು ಮನ್ಯಾಗ ಎಲ್ಲಾರು ಆರಾಮ ಅದಾರೇನು ಅಂತ ಕೇಳ್ರಿ." ಇಂಥ ಕಾಗದದಲ್ಲಿ ಅದೆಲ್ಲ ಸಲ್ಲದೆಂದು, ಓದಿದವನೆಂಬ ಗರ್ವದಿಂದ, ಆ ಸಾಲು ಬಿಟ್ಟು ಕಳಿಸಿದೆ. ಎರಡೇ ಪದಗಳ ಉತ್ತರ ಬಂತು: ಲಾಗ್ ಕಳಿಸಿ. ಅಂದರೆ, ಎಲ್ಲಿ ಕೆಟ್ಟಿತೆಂದು ಕಂಪ್ಯೂಟರು ತಾನೇ ಬರೆದಿಟ್ಟ ದಾಖಲೆ.

"ನೀವು ಆರಾಮ ಕೇಳಿಲ್ಲ" ಎಂದರು ಸಾಬರು. ಹೇಗೆ ತಿಳಿಯಿತೋ ನಾನು ಕೇಳಲಿಲ್ಲ.

ಎರಡನೆಯದರಲ್ಲಿ ಕೇಳಿದೆ. ಆತ ಉದ್ದಕ್ಕೆ ಬರೆದ. ಸೊಂಟ ನೋಯುತ್ತದೆ, ವಿಚಾರಿಸಿದ್ದಕ್ಕೆ ಸಂತೋಷ, ಆ ಕಾರ್ಡು ತನ್ನ ಬಳಿ ಇಲ್ಲ, ಕೈಯಲ್ಲಿ ಇಲ್ಲದೆ ಸರಿಮಾಡಲಾರೆ.

ಸಾಬರು ಅಂದೇ ದೇವದುರ್ಗಕ್ಕೆ ಹೋಗಿ ಒಂದು ಕಾರ್ಡು ಬಿಚ್ಚಿದರು. ಮನೆಯಲ್ಲಿ ದಖ್ನಿ ಉರ್ದುವಾದರೂ ತಂದೆ ಮಗಳು ನನಗೂ ತಿಳಿಯಲೆಂದು ಕನ್ನಡದಲ್ಲೇ ಜಗಳವಾಡಿದರು.

"ಅದು ವಾಪಸ್ ಬರ್ತದೇನು ಅಬ್ಬಾ? ಇರಾದ್ರಾಗ ಒಂದು ಕಳಕೊಂತೀರಿ."

"ಹತ್ತೂ ಕುಂತು ಏನ್ ಮಾಡಾಕತ್ತಾವ? ಒಂದು ಹೋಗಿ ಒಂಬತ್ತಕ್ಕ ದಾರಿ ಮಾಡ್ಲಿ ಬಿಡು."

ಡಬ್ಬಿಯಲ್ಲಿ ಕಾರ್ಡಿನ ಪಕ್ಕ ಹುರಿದ ಶೇಂಗಾ ಪೊಟ್ಟಣವನ್ನೂ ಇಟ್ಟರು. "ಖಾಲಿ ಕೈಲೆ ಹೆಂಗ ಕಳಸೂದ್ರೀ?" ಕಾರ್ಡು ಮುಟ್ಟಿತು, ಶೇಂಗಾ ಮುಗಿಯಿತು ಎಂದು ಆತ ಬರೆದ. ಆಮೇಲಿನ ತಿಂಗಳುಗಳಲ್ಲಿ ನಾನು ಅಂಗಡಿ ಹೊಕ್ಕರೆ ಸಾಬರು ಮೊದಲು ಆತನ ಸೊಂಟ ಕೇಳುತ್ತಿದ್ದರು, ಆಮೇಲೆ ಡ್ರೈವರು.

ಒಂದು ಶುಕ್ರವಾರ ಬೆಳಿಗ್ಗೆ ಸಾಬರು ಅಂಗಡಿಯ ಶಟರ್ ಎತ್ತಿ, ಎದೆ ಹಿಡಿದಂತಾಗಿದೆ ಎಂದು ಕೂತವರು ಏಳಲಿಲ್ಲ. ನನಗೆ ಸ್ವಂತದವರು ಹೋದಷ್ಟು ದುಃಖವಾಯಿತು. ಕೆಲದಿನ ಬೇರೆ ಸ್ಟಾಪಿನಲ್ಲಿ ಬಸ್ಸು ಹತ್ತಿದೆ.

ಎರಡು ವಾರಕ್ಕೆ ಪರದೇಶದಿಂದ ಆತನ ಕಾಗದ ಬಂತು. ಡ್ರೈವರ್ ಸರಿಯಾಗಿದೆ, ಖಾಸಿಂಸಾಬರು ಹಾಕಿ ನೋಡಿ ಹೂಂ ಎಂದರೆ ಎಲ್ಲರಿಗೂ ಬಿಡುತ್ತೇನೆ ಎಂದಿದ್ದ. ನಾನು ಆ ಡ್ರೈವರನ್ನು ಪೆನ್‌ಡ್ರೈವಿನಲ್ಲಿ ದೇವದುರ್ಗಕ್ಕೆ ಒಯ್ದೆ. ರಜಿಯಾ ಒಂದೊಂದಕ್ಕೇ ಹಾಕಿದಳು. ಒಂಬತ್ತೂ ಹೊತ್ತಿದವು. ಸಾಬರಿಲ್ಲ, ದೇವದುರ್ಗದಲ್ಲಿ ಮಗಳು ರಜಿಯಾ ನೋಡಿದ್ದಾಳೆ, ನಡೆಯುತ್ತದೆ ಎಂದು ನಾನು ಬರೆದೆ.

ಮರುದಿನ ಡ್ರೈವರ್ ಬಿಡುಗಡೆಯಾಯಿತು. ಅದರ ಟಿಪ್ಪಣಿಯ ಕೊನೆಗೆ ಎರಡು ಹೆಸರಿದ್ದವು: ತೊಂದರೆ ತಿಳಿಸಿದವರು ಖಾಸಿಂಸಾಬ್, ರಾಯಚೂರು, ಪರೀಕ್ಷಿಸಿದವರು ರಜಿಯಾ, ದೇವದುರ್ಗ. ಹುಡುಗಿಯರು ಬಡಬಡ ಟೈಪ್ ಮಾಡುತ್ತಿದ್ದರು. ರಜಿಯಾ ಆ ಎರಡು ಸಾಲನ್ನು ನನ್ನಿಂದ ಮೂರು ಸಲ ಓದಿಸಿದಳು.

"ಅಬ್ಬಾ ಇದ್ದಿದ್ರ ಈಗ ಎಲ್ಲಾರಿಗೂ ಚಾ ಹೇಳಾಕ ಓಡ್ತಿದ್ರು" ಎಂದಳು.

ಹೌದು ಎಂದೆ. ಚಾ ಹೇಳಲು ಯಾರೂ ಏಳಲಿಲ್ಲ.